ಪುಣೆಯಲ್ಲಿ ಧಾರವಾಡ 765: ಲೂಪ್ ಆಂಟೆನಾ ಪೀಕ್ ಕೊಡ್ತಿಲ್ಲ

ಪ್ರಶ್ನೆ (ನಿಗಡಿ, ಪುಣೆ)

ನಮಸ್ಕಾರ್ರಿ ಸರ. ಧಾರವಾಡ ಆಕಾಶವಾಣಿ, 765 ಕಿಲೋಹರ್ಟ್ಸ್, ಕೇಳಬೇಕಂತ ಮೀಡಿಯಂ ವೇವ್ ಲೂಪ್ ಮಾಡೀನಿ. ಕಟ್ಟಿಗಿ ಚೌಕಟ್ಟು, ಒಂದೊಂದು ಬದಿ 60 ಸೆಂ.ಮೀ., ಪಿವಿಸಿ ವೈರು 10 ಸುತ್ತು, ಸುತ್ತಿನ ನಡುವ 5 ಮಿ.ಮೀ. ಟ್ಯೂನಿಂಗಿಗೆ ಪಾಕೆಟ್ ರೇಡಿಯೊದ ಪ್ಲಾಸ್ಟಿಕ್ ಗ್ಯಾಂಗ್ (ಸ್ಟೇಷನ್ ಹಿಡಿಯಾಕ ತಿರುವೋ ಕೆಪಾಸಿಟರ್) ಹಾಕೀನಿ. ಮುಂಬೈ 1044ಕ್ಕ ಗ್ಯಾಂಗ್ ತಿರುವಿದ್ರ ಧ್ವನಿ ಒಮ್ಮೆಲೇ ಮ್ಯಾಲೆ ಏಳ್ತದ. 765ಕ್ಕ ಗ್ಯಾಂಗ್ ತುದಿ ಮುಟ್ಟಿದ್ರೂ ಏನೂ ಫರಕ ಆಗವಲ್ದು. ಬರೇ ಗುಂಯ್ ಸಪ್ಪಳ, ಅದರಾಗ 792ರ ಪುಣೆ ಕೇಂದ್ರ ಬ್ಯಾರೆ ಕೂಡಕೊಂಡ್ ಬರ್ತದ. ಎಲ್ಲಾ ಬಿಚ್ಚಿ ಮತ್ತ ಸುತ್ತಬೇಕೇನ್ರಿ?

ಉತ್ತರ (ರೇಡಿಯೊ ತಂತ್ರಜ್ಞ, ಕೋಥ್ರೂಡ್)

ಬಿಚ್ಚಬೇಡಿ. 1044ಕ್ಕೆ ಪೀಕ್ ಬಂತು, ಅಂದರೆ ಧ್ವನಿ ಒಮ್ಮೆಲೇ ಏರಿತು ಅಂದಮೇಲೆ ಸುತ್ತು ಎಲ್ಲೂ ಕಡಿದಿಲ್ಲ, ಕೆಲಸ ಚೊಕ್ಕವಾಗಿದೆ. ಕೊರತೆ ಇರುವುದು ಕೆಪಾಸಿಟರ್‌ನಲ್ಲಿ, ಅಂದರೆ ಆ ಗ್ಯಾಂಗಿನಲ್ಲಿ.

ಲೂಪ್ ಯಾವ ತರಂಗಕ್ಕೆ ಕೂರುತ್ತದೆ ಅನ್ನುವುದನ್ನು ಸುರುಳಿಯ ಇಂಡಕ್ಟನ್ಸ್, ಕೆಪಾಸಿಟರ್‌ನ ಅಳತೆ ಎರಡೂ ಸೇರಿ ನಿರ್ಧರಿಸುತ್ತವೆ. ನಿಮ್ಮ ಅಳತೆಗೆ ಲೂಪಿನ ಇಂಡಕ್ಟನ್ಸ್ ಸುಮಾರು 150 ಮೈಕ್ರೋಹೆನ್ರಿ. ಅದು 765ಕ್ಕೆ ಕೂರಲು ಒಟ್ಟು 290 ಪಿಎಫ್ (ಪಿಕೊಫ್ಯಾರಡ್, ಕೆಪಾಸಿಟರ್ ಅಳೆಯುವ ಮಾನ) ಬೇಕು. ಪಾಕೆಟ್ ರೇಡಿಯೊದ ಗ್ಯಾಂಗಿನಲ್ಲಿ ಸಾಮಾನ್ಯವಾಗಿ ಎರಡು ಭಾಗ: ಒಂದು 140, ಇನ್ನೊಂದು 60 ಪಿಎಫ್. ಎರಡನ್ನೂ ಕೂಡಿಸಿ, ವೈರಿನ ಸುತ್ತುಗಳ ನಡುವೆ ತಾನಾಗಿ ಹುಟ್ಟುವ ಒಂದು 30 ಪಿಎಫ್ ಸೇರಿಸಿದರೂ 230 ಅಷ್ಟೇ. ಅಲ್ಲಿಗೆ ಲೂಪ್ 850 ಕಿಲೋಹರ್ಟ್ಸ್‌ನ ಕೆಳಗೆ ಇಳಿಯುವುದಿಲ್ಲ. 140ರ ಭಾಗಕ್ಕೆ ಮಾತ್ರ ಸೋಲ್ಡರ್ ಮಾಡಿದ್ದರೆ 1000ದ ಹತ್ತಿರವೇ ನಿಲ್ಲುತ್ತದೆ.

ಗ್ಯಾಂಗಿನ ಮೂರು ಕಾಲಿನಲ್ಲಿ ನಡುವಿನದು ಕಾಮನ್. ಆಚೀಚೆಯ ಎರಡನ್ನು ಜೋಡಿಸಿ ಲೂಪಿನ ಒಂದು ತುದಿಗೆ, ನಡುವಿನದನ್ನು ಇನ್ನೊಂದು ತುದಿಗೆ ಹಚ್ಚಿ. ಅದೇ ಎರಡು ತುದಿಗಳ ನಡುವೆ 100 ಪಿಎಫ್ ಕೆಪಾಸಿಟರ್ ಒಂದನ್ನು ಅಡ್ಡ ಹಾಕಿ. ಮೈಕಾ ಅಥವಾ ಸ್ಟೈರೋಫ್ಲೆಕ್ಸ್ ಬಗೆಯದು ಸಿಕ್ಕರೆ ಉತ್ತಮ, ಇಲ್ಲದಿದ್ದರೆ ಎನ್‌ಪಿಒ ಬಗೆಯ ಸಿರಾಮಿಕ್ ಡಿಸ್ಕ್. ಪುಣೆಯ ಎಲೆಕ್ಟ್ರಾನಿಕ್ಸ್ ಪೇಟೆ ತಪಕೀರ್ ಗಲ್ಲಿಯಲ್ಲಿ ಕೇಳುವಾಗ ಡಿಸ್ಕಿನ ಮೇಲೆ 101 (ಅಂದರೆ 100 ಪಿಎಫ್) ಅಂತ ಇದೆಯೇ ನೋಡಿಕೊಳ್ಳಿ. 104 ತಂದುಬಿಟ್ಟರೆ ಅದು ಸಾವಿರ ಪಟ್ಟು ದೊಡ್ಡದು, ಲೂಪ್ ಸತ್ತೇ ಹೋಗುತ್ತದೆ. ಇಷ್ಟಾದರೆ ನಿಮ್ಮ ವ್ಯಾಪ್ತಿ ಸುಮಾರು 710ರಿಂದ 1090 ಕಿಲೋಹರ್ಟ್ಸ್. ಬೆಂಗಳೂರು 612 ಕೂಡ ಬೇಕಿದ್ದರೆ 100ರ ಬದಲು 270 ಪಿಎಫ್ ಹಾಕಿ, ಆಗ 1044 ಕೈಬಿಡುತ್ತದೆ.

ಪ್ರಶ್ನೆ (ನಿಗಡಿ)

101 ಹಾಕಿದೆ ಸರ, 765ಕ್ಕ ಪೀಕ್ ಬಂತು! 792 ಮಾತ್ರ ಇನ್ನೂ ನಡುವ ಬಾಯಿ ಹಾಕ್ತದ.

ಉತ್ತರ

ಶಾಭಾಷ್, ಕಷ್ಟದ ಭಾಗ ಮುಗೀತು. ಎರಡರ ನಡುವೆ ಬರೀ 27 ಕಿಲೋಹರ್ಟ್ಸ್ ಅಂತರ, ಅದರಲ್ಲೂ ಪುಣೆ ಕೇಂದ್ರ ಮನೆ ಬಾಗಿಲಲ್ಲೇ ಇದೆ. ಇಲ್ಲಿ ದಿಕ್ಕೇ ಆಯುಧ. ಲೂಪ್ ತನ್ನ ಅಂಚಿನ ಕಡೆಯಿಂದ ಬರುವುದನ್ನು ಹೆಚ್ಚು ಹಿಡಿಯುತ್ತದೆ, ಅಗಲ ಮುಖದ ಕಡೆಯದನ್ನು ತಿರಸ್ಕರಿಸುತ್ತದೆ. ಪುಣೆಯಿಂದ ಧಾರವಾಡ ದಕ್ಷಿಣಕ್ಕೆ, ಚೂರು ಪೂರ್ವಕ್ಕೆ ವಾಲಿದಂತೆ, ಸುಮಾರು 360 ಕಿ.ಮೀ. ಮೊದಲು ಅಂಚನ್ನು ಅತ್ತ ತೋರಿಸಿ. ಆಮೇಲೆ 792 ತೀರಾ ಕುಗ್ಗುವ ತನಕ ಮೆಲ್ಲಗೆ ತಿರುಗಿಸಿ. ಧಾರವಾಡ ಸ್ವಲ್ಪ ಇಳಿದರೂ ಪರವಾಗಿಲ್ಲ. ತಿರಸ್ಕಾರದ ಕೋನ ಬಹಳ ಕಿರಿದು, ಹಿಡಿಯುವ ಕೋನ ಅಗಲ, ಹಾಗಾಗಿ ಒಟ್ಟಿನಲ್ಲಿ ಲಾಭವೇ.

ರೇಡಿಯೊ ಇಡುವ ರೀತಿಯೂ ಮುಖ್ಯ. ಒಳಗಿನ ಫೆರೈಟ್ ಕಡ್ಡಿ (ರೇಡಿಯೊದ ಸ್ವಂತ ಆಂಟೆನಾ) ಹೆಚ್ಚಾಗಿ ರೇಡಿಯೊದ ಉದ್ದಕ್ಕೆ ಮಲಗಿರುತ್ತದೆ. ಆ ಉದ್ದ ಲೂಪಿನ ಚೌಕದೊಳಗೆ ತೂರಿ ಹೋಗುವಂತೆ ಇರಲಿ. ಲೂಪ್, ರೇಡಿಯೊ ಎರಡನ್ನೂ ಒಂದೇ ಹಲಗೆಯ ಮೇಲಿಟ್ಟು ಜೊತೆಗೇ ತಿರುಗಿಸಿ. ಬೇರೆ ಬೇರೆ ತಿರುಗಿಸಿದರೆ ಫೆರೈಟ್ ತಾನೇ ನೇರವಾಗಿ 792ನ್ನು ಎಳೆದುಕೊಳ್ಳುತ್ತದೆ.

ಸದಸ್ಯರು (ಡೊಂಬಿವಲಿ)

ಬಹಳ ಒಳ್ಳೆಯ ಕೆಲಸ ಮಾಡಿದ್ದೀರಿ. ಆ ಗುಂಯ್ ಸದ್ದಿಗೆ ಒಂದು ಪರೀಕ್ಷೆ ಉಂಟು. ರೇಡಿಯೊ ಸೆಲ್ಲಿನಲ್ಲಿ ನಡೆಯಲಿ, ಮನೆಯ ಮೇನ್ ಸ್ವಿಚ್ ಆಫ್ ಮಾಡಿ. ಸದ್ದು ನಿಂತರೆ ಕಳ್ಳ ಮನೆಯೊಳಗೇ ಇದ್ದಾನೆ. ಒಂದೊಂದೇ ಸ್ವಿಚ್ ಹಾಕುತ್ತಾ ಹೋಗಿ. ಹೆಚ್ಚಾಗಿ ಸಿಗುವುದು ಎಲ್ಇಡಿ ಬಲ್ಬು, ಮೊಬೈಲ್ ಚಾರ್ಜರ್ ಅಥವಾ ವೈಫೈ ಅಡಾಪ್ಟರ್. ನಿಲ್ಲದಿದ್ದರೆ ಹೊರಗಿನದು, ಲೂಪನ್ನು ಬಾಲ್ಕನಿಗೆ ಒಯ್ದು ನೋಡಿ. ಕಬ್ಬಿಣದ ಗ್ರಿಲ್, ಕಪಾಟುಗಳಿಂದ ದೂರ ಇಡಿ, ಹತ್ತಿರ ಇದ್ದರೆ ಟ್ಯೂನಿಂಗೇ ಸರಿದುಹೋಗುತ್ತದೆ. ಡಿಜಿಟಲ್ ರೇಡಿಯೊ ಇರುವವರಿಗೆ ಇನ್ನೊಂದು ಮಾತು: ಸ್ಟೆಪ್, ಅಂದರೆ ಟ್ಯೂನಿಂಗ್ ಒಮ್ಮೆಗೆ ಹಾರುವ ಅಂತರ, 9 ಕಿಲೋಹರ್ಟ್ಸ್‌ಗೆ ಇರಲಿ. 10ರಲ್ಲಿ ಇದ್ದರೆ ಅದು 760ರಿಂದ 770ಕ್ಕೆ ಹಾರುತ್ತದೆ, 765 ಸಿಗುವುದೇ ಇಲ್ಲ.

ಸದಸ್ಯರು (ವಾಸ್ಕೋ, ಗೋವಾ)

ಇಲ್ಲಿಂದ ಧಾರವಾಡ ನೇರ ಪೂರ್ವಕ್ಕೆ, 130 ಕಿ.ಮೀ. ಒಳಗೇ. ನಿಮ್ಮದು ಮೂರು ಪಟ್ಟು ದೂರ, ಆದ್ದರಿಂದ ಹಗಲಿನಲ್ಲಿ ದುರ್ಬಲವಾಗಿದ್ದರೆ ಲೂಪನ್ನು ಬೈಯಬೇಡಿ. ಹಗಲು ಮೀಡಿಯಂ ವೇವ್ ನೆಲ ಹಿಡಿದೇ ಬರಬೇಕು, ಆಕಾಶಕ್ಕೆ ಏರಿದ್ದನ್ನು ಅಯಾನುಗೋಳದ (ವಾತಾವರಣದ ಮೇಲ್ಭಾಗದ ವಿದ್ಯುದಂಶ ತುಂಬಿದ ವಲಯ) ಕೆಳಪದರ ನುಂಗಿಬಿಡುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗಿ, ಅಲೆ ಮೇಲಿನಿಂದ ಪ್ರತಿಫಲಿಸಿ ಬರುತ್ತದೆ. ಏರಿಳಿತ ಇರುತ್ತದೆ, ಆದರೆ ಕೇಳುತ್ತದೆ. ಮಳೆಗಾಲದ ಚಟಚಟ ಸದ್ದು ಎಲ್ಲೋ ದೂರದ ಸಿಡಿಲಿನದು, ಗ್ಯಾಂಗ್ ಎಷ್ಟು ತಿರುವಿದರೂ ಹೋಗದು. ಸಂಜೆ ಏಳರ ಮೇಲೆ ಇನ್ನೊಮ್ಮೆ ಕೂತು ನೋಡಿ, ಹೇಗೆ ಬಂತು ಅಂತ ಇಲ್ಲೇ ಬರೆಯಿರಿ.