ಪದಚರ್ಚೆ: ಕ್ಯಾಸೆಟ್ ಶುರುವಿನಲ್ಲಿ ಕುಣಿದು ಬರುವ ಲೋಗೋಗೆ ಕನ್ನಡದಲ್ಲಿ ಏನನ್ನೋಣ? (ಗುರುವಾರದೊಳಗೆ ಬೇಕು)

ಫಲಕದ ಅನುವಾದಕಿ, ಬೆಂಗಳೂರು:

ಎಲ್ಲರಿಗೂ ನಮಸ್ಕಾರ.

ಹಳೆಯ ವಿಡಿಯೊ ಕ್ಯಾಸೆಟ್‌ಗಳ ಬಗ್ಗೆ ಒಂದು ಚಿಕ್ಕ ಪ್ರದರ್ಶನ ನಡೆಯಲಿದೆ. ಅದರ ಫಲಕಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವ ಕೆಲಸ ನನ್ನದು. ಒಂದು ಫಲಕ ಪೂರ್ತಿ ಕ್ಯಾಸೆಟ್ ಕಂಪನಿಗಳ ಲೋಗೋಗೇ ಮೀಸಲು. ಡಬ್ಬಿಯ ಮೇಲೆ ಅಚ್ಚಾದ ಲೋಗೋ ಅಲ್ಲ. ಪ್ಲೇ ಒತ್ತಿದ ಮೇಲೆ, ಸಿನಿಮಾಕ್ಕೆ ಮುಂಚೆ, ಕತ್ತಲೆಯೊಳಗಿಂದ ತಿರುಗುತ್ತ ಹೊಳೆಯುತ್ತ ಬಂದು ನಿಲ್ಲುತ್ತದಲ್ಲ, ಅದು. ಫಲಕದ ತಲೆಬರಹಕ್ಕೆ ಒಂದು ಪದ ಬೇಕು.

ಹಿನ್ನೆಲೆ ಇಷ್ಟು. 1977ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿದ್ದ ಮ್ಯಾಗ್ನೆಟಿಕ್ ವಿಡಿಯೊ ಎಂಬ ಕಂಪನಿ ಟ್ವೆಂಟಿಯತ್ ಸೆಂಚುರಿ ಫಾಕ್ಸ್‌ನಿಂದ 50 ಸಿನಿಮಾಗಳ ಹಕ್ಕು ಪಡೆದು ಕ್ಯಾಸೆಟ್ ಮಾರಲು ಶುರುಮಾಡಿತು. 1979ರಲ್ಲಿ ಫಾಕ್ಸ್ ಆ ಕಂಪನಿಯನ್ನೇ ಕೊಂಡುಕೊಂಡಿತು. 1982ರಲ್ಲಿ ಸಿಬಿಎಸ್ ಜೊತೆ ಸೇರಿ ಅದು ಸಿಬಿಎಸ್ ಫಾಕ್ಸ್ ವಿಡಿಯೊ ಆಯಿತು. ಆ ಕ್ಯಾಸೆಟ್ ಹಾಕಿದರೆ ಮೊದಲು ವಿಡಿಯೊ ಕಂಪನಿಯ ಲೋಗೋ ಬರುತ್ತದೆ. ಆಮೇಲೆ ಸರ್ಚ್‌ಲೈಟ್ ಬೀಸುವ ಫಾಕ್ಸ್ ಸ್ಟುಡಿಯೊದ ಲೋಗೋ. ಪದ ಎರಡಕ್ಕೂ ಒಪ್ಪಬೇಕು. ಕೆಲವು ಕ್ಯಾಸೆಟ್‌ಗಳಲ್ಲಿ ಲೋಗೋ ಕೊನೆಯಲ್ಲಿ ಇನ್ನೊಮ್ಮೆ ಬರುತ್ತದೆ. ಹಾಗಾಗಿ ‘ಮುನ್‌’ ಸೇರಿಸಿದ ಪದ ಬೇಡ. ಬ್ರಿಟನ್ನಿನವರು ಟಿವಿಯಲ್ಲಿ ಬರುವ ಇಂಥದ್ದಕ್ಕೆ ಐಡೆಂಟ್ ಅನ್ನುತ್ತಾರೆ. ನಮ್ಮಲ್ಲಿ ಅಷ್ಟು ಚಿಕ್ಕದಾದ ಪದ ಯಾವುದಾದರೂ ಇದೆಯಾ?

ಗುರುವಾರ ಸಂಜೆ ಫಲಕ ಮುದ್ರಣಕ್ಕೆ ಹೋಗುತ್ತದೆ.

ಹಳೆ ವಿಡಿಯೊ ಲೈಬ್ರರಿ, ದಾವಣಗೆರೆ:

ಮೇಡಂ, ಸಿನಿಮಾದವರು ಇದಕ್ಕೆ ‘ಬ್ಯಾನರ್’ ಅಂತಾರೆ. ಬೇರೆ ಪದ ಯಾಕೆ ಹುಡುಕಬೇಕು?

ಫಲಕದ ಅನುವಾದಕಿ:

ಸಾರ್, ಬ್ಯಾನರ್ ಅಂದರೆ ಸಂಸ್ಥೆಯೂ ಹೌದು. ‘ವಜ್ರೇಶ್ವರಿ ಕಂಬೈನ್ಸ್ ಬ್ಯಾನರಿನಲ್ಲಿ ಬಂದ ಚಿತ್ರ’ ಅನ್ನುತ್ತೇವಲ್ವಾ. ಅಲ್ಲಿ ಲೋಗೋದ ಮಾತೇ ಇಲ್ಲ. ಜೊತೆಗೆ ಬೀದಿಗೆ ಕಟ್ಟುವ ಬಟ್ಟೆಯೂ ಬ್ಯಾನರ್. ತಲೆಬರಹದಲ್ಲಿ ಓದುವವರು ಗೊಂದಲಕ್ಕೆ ಬೀಳುತ್ತಾರೆ.

ನಿವೃತ್ತ ಮೇಷ್ಟ್ರು, ಮೈಸೂರು:

‘ಚಲನಲಾಂಛನ’. ಚಲನಚಿತ್ರ ಇದ್ದ ಹಾಗೆ. ಎರಡೂ ಸಂಸ್ಕೃತ ಪದ, ಕನ್ನಡ, ಸಂಸ್ಕೃತ ಬೆರೆಸಿದ ಅರಿಸಮಾಸದ ಗೊಡವೆಯಿಲ್ಲ. ಯಾರಾದರೂ ‘ಕುಣಿಲಾಂಛನ’ ಅಂತ ತರುವ ಮುನ್ನವೇ ಹೇಳಿಬಿಡುತ್ತೇನೆ: ಅದು ನಿಲ್ಲುವುದಿಲ್ಲ.

ಲಾಂಛನ ನಮ್ಮಲ್ಲಿ ಬೇರೂರಿದ ಪದ. ಚಾಲುಕ್ಯರ ವರಾಹ ಲಾಂಛನ, ಮೈಸೂರಿನ ಗಂಡಭೇರುಂಡ ಯಾರಿಗೆ ಗೊತ್ತಿಲ್ಲ? ವಚನಗಳಲ್ಲಿ ವಿಭೂತಿ, ರುದ್ರಾಕ್ಷಿ ತೊಟ್ಟವನು ಲಾಂಛನಧಾರಿ. ಗುರುತು ತೋರಿಸಿ ತಾನು ಯಾರು ಅಂತ ಸಾರುವುದೇ ಲಾಂಛನ. ಕಂಪನಿ ಮಾಡುವುದೂ ಅದನ್ನೇ.

ಎಲ್ಲರಕನ್ನಡದ ಓದುಗ, ಹಾಸನ:

ಮೇಶ್ಟ್ರು ಮತ್ತೆ ಅದೇ ದಾರಿ ಹಿಡಿದರು. ‘ಲಾಂಛನ’ ಪದದ ಚ ಅಕ್ಕರಕ್ಕೆ ಉಸಿರು ಕೊಟ್ಟು ಎಶ್ಟು ಮಂದಿ ಕನ್ನಡಿಗರು ನುಡಿಯುತ್ತಾರೆ? ಎಲ್ಲರಕನ್ನಡದವರು ಮಹಾಪ್ರಾಣ, ಷ ಬಿಟ್ಟು ಬರೆಯುವುದು ಅದಕ್ಕೇ. ಬಾಯಲ್ಲಿ ಇಲ್ಲದ ಅಕ್ಕರ ಗೋಡೆಯ ಮೇಲೇಕೆ?

‘ತೆರೆಗುರುತು’ ಅನ್ನಿ. ತೆರೆಯ ಮೇಲೆ ಬರುವ ಗುರುತು. ಇದು ಬೇಡವಾದರೆ ‘ಆಡುಗುರುತು’. ಎರಡೂ ಕನ್ನಡದ್ದೇ ಪದಗಳು.

ನಿವೃತ್ತ ಮೇಷ್ಟ್ರು:

ಆಡುಗುರುತನ್ನು ಜನ ಮೇಕೆಯ ಗುರುತು ಅಂತ ಓದುತ್ತಾರೆ. ಬಿಡಿ.

ಕರಾವಳಿಯ ಓದುಗಿ, ಉಡುಪಿ:

‘ಗುರುತು’ ತೆಲುಗಿನಿಂದ ಬಂದದ್ದು ಅಂತ ನನ್ನ ನಂಬಿಕೆ. ಹಾಗಿದ್ದ ಮೇಲೆ ಎಲ್ಲರಕನ್ನಡದವರು ಅದನ್ನು ಕನ್ನಡದ್ದೇ ಅನ್ನುವುದು ಹೇಗೆ?

ಎಲ್ಲರಕನ್ನಡದ ಓದುಗ:

ತಪ್ಪು. ಕನ್ನಡದಲ್ಲಿ ಗುಱಿ, ಗುಱುತು. ತಮಿಳಿನಲ್ಲಿ ಕುಱಿ. ತೆಲುಗಿನಲ್ಲೂ ಗುಱಿ, ಗುಱುತು. ಎಲ್ಲ ಕಡೆ ಅದೇ ಱ. ಒಂದೇ ಬೇರಿನ ಪದ, ಯಾರೂ ಯಾರಿಂದಲೂ ಸಾಲ ತಂದದ್ದಲ್ಲ. ಹೊಸಗನ್ನಡದಲ್ಲಿ ಆ ಅಕ್ಕರ ಬಿದ್ದುಹೋದ್ದರಿಂದ ನಿಮಗೆ ಹಾಗೆ ಕಾಣುತ್ತಿದೆ.

ಫಲಕದ ಅನುವಾದಕಿ:

ಶಕಟರೇಫದ (ಱ) ಚರ್ಚೆ ಇನ್ನೊಂದು ಓಲೆಗೆ ಇಟ್ಟುಕೊಳ್ಳೋಣ. ನನಗೆ ಪದ ಬೇಕು.

‘ತೆರೆಗುರುತು’ ಕೇಳಲು ಚೆನ್ನಾಗಿದೆ. ಆದರೆ ನಮ್ಮ ವಿಸಿಡಿಗಳನ್ನು ನೆನಪಿಸಿಕೊಳ್ಳಿ. ಸಿನಿಮಾ ಮುಗಿಯುವವರೆಗೂ ಮೂಲೆಯಲ್ಲಿ ಕಂಪನಿಯ ಗುರುತು ಅಂಟಿಕೊಂಡೇ ಇರುತ್ತಿತ್ತು. ನಾಯಕಿಯ ಮುಖದ ಮೇಲೂ ಅದೇ. ತೆರೆಗುರುತು ಅಂದರೆ ಜನಕ್ಕೆ ಮೊದಲು ನೆನಪಾಗುವುದು ಅದು. ಆ ಪದವನ್ನು ಅದಕ್ಕೇ ಇಟ್ಟುಕೊಂಡರೆ ಒಳ್ಳೆಯದು. ಟಿವಿ ಚಾನೆಲ್‌ಗಳ ಮೂಲೆ ಲೋಗೋಗೂ ಆಗುತ್ತದೆ.

ಗ್ರಾಫಿಕ್ಸ್ ಕೆಲಸಗಾರ, ಹುಬ್ಬಳ್ಳಿ:

ಇದು ಕಂಪ್ಯೂಟರ್ ಗ್ರಾಫಿಕ್ಸ್ ಅಷ್ಟೇ ಅಲ್ರೀ. ‘ಗಣಕಲಾಂಛನ’ ಅಂದ್ರ ಮುಗೀತು.

ಫಲಕದ ಅನುವಾದಕಿ:

ಇಲ್ಲ ಸಾರ್. ಫಲಕದ ತಿರುಳೇ ಇದು, ಹಾಗಾಗಿ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಎಪ್ಪತ್ತರ ದಶಕದ ಕೊನೆಗೆ ಟಿವಿ, ವಿಡಿಯೊ ಲೋಗೋಗಳಿಗೆ ಜಾಸ್ತಿ ಬಳಕೆಯಲ್ಲಿದ್ದ ಯಂತ್ರಗಳಲ್ಲಿ ಸ್ಕ್ಯಾನಿಮೇಟ್ ಒಂದು. ಅದನ್ನು ಕಟ್ಟಿದವರು ಡೆನ್ವರ್‌ನ ಲೀ ಹ್ಯಾರಿಸನ್. ಅದು ಈಗಿನ ಅರ್ಥದ ಕಂಪ್ಯೂಟರ್ ಅಲ್ಲ, ಅನಲಾಗ್ ಯಂತ್ರ. ಮೊದಲು ಲೋಗೋವನ್ನು ಕಪ್ಪು ಫಿಲ್ಮ್ ಹಾಳೆಯ ಮೇಲೆ ತೆಗೆಯುತ್ತಾರೆ. ಅಕ್ಷರ ಇರುವ ಕಡೆ ಮಾತ್ರ ಫಿಲ್ಮ್ ಪಾರದರ್ಶಕ. ಹಿಂದಿನಿಂದ ದೀಪ ಹಚ್ಚಿ, ಮುಂದಿನಿಂದ ಕ್ಯಾಮೆರಾ ಹಿಡಿಯುತ್ತಾರೆ. ಆ ಚಿತ್ರ ಒಂದು ಕಪ್ಪು ಬಿಳುಪು ಪಿಕ್ಚರ್ ಟ್ಯೂಬಿನ ಮೇಲೆ ಬೀಳುತ್ತದೆ. ಟ್ಯೂಬಿನೊಳಗಿನ ಕಿರಣವನ್ನು ಅತ್ತಿತ್ತ ಎಳೆಯುವ ವೋಲ್ಟೇಜನ್ನು ಗುಬುಟು ತಿರುಗಿಸಿ, ವೈರು ಬದಲಿಸಿ ಏರುಪೇರು ಮಾಡುತ್ತಾರೆ. ಆಗ ಅಕ್ಷರ ಹಿಗ್ಗುತ್ತದೆ, ಸುತ್ತುತ್ತದೆ, ಅಲೆಯಾಗುತ್ತದೆ. ಇನ್ನೊಂದು ಕ್ಯಾಮೆರಾ ಆ ಟ್ಯೂಬನ್ನು ಚಿತ್ರಿಸುತ್ತದೆ. ಬೂದು ಬಣ್ಣದ ಒಂದೊಂದು ಮಟ್ಟಕ್ಕೆ ಒಂದೊಂದು ಬಣ್ಣ ತುಂಬುತ್ತಾರೆ. ಎಲ್ಲ ಆಗಿಂದಾಗ್ಗೆ ಟೇಪಿಗೆ ಇಳಿಯುತ್ತದೆ. ಒಂದೊಂದು ಚಿತ್ರ ಬರೆದು ಫಿಲ್ಮಿಗೆ ತೆಗೆಯುವ ಕಾಲದಲ್ಲಿ ಇದು ಎಷ್ಟು ಬೇಗ ಆಗುವ ಕೆಲಸ ಅಂತ ಯೋಚಿಸಿ.

ಆ ಲೋಗೋಗಳು ಕಗ್ಗತ್ತಲೆಯ ನಡುವೆ ಉರಿಯುವಂತೆ ಕಾಣುವುದಕ್ಕೆ ಇದೇ ಕಾರಣ. ಕಪ್ಪು ಹಾಳೆಯಲ್ಲಿ ಬೆಳಕು ಅಕ್ಷರದ ಮೂಲಕ ಮಾತ್ರ ತೂರಿ ಬರುತ್ತದೆ. ಮೇಲೆ ಸಿಂಥಸೈಜರ್ ಸದ್ದು. ಮಕ್ಕಳು ಹೆದರುತ್ತಿದ್ದರು. ಟಿವಿಯಲ್ಲಿ ಬರುತ್ತಿದ್ದ ವಯಾಕಾಮ್ ಲೋಗೋಗೆ ಅಲ್ಲಿನ ಅಭಿಮಾನಿಗಳು ‘ವಿ ಆಫ್ ಡೂಮ್’ (ಕೇಡಿನ ವಿ) ಅಂತಲೇ ಅಡ್ಡಹೆಸರಿಟ್ಟರು.

ನೀವು ಹೇಳುವ ಕಂಪ್ಯೂಟರ್ ಗ್ರಾಫಿಕ್ಸ್ ಎಂಬತ್ತರ ದಶಕದಲ್ಲಿ ಮೆಲ್ಲಗೆ ಬಂತು. ಆಮೇಲೆ ಎಲ್ಲ ಲೋಗೋಗಳೂ ಮಿರಿಮಿರಿ ಲೋಹದ ಅಕ್ಷರಗಳಾದವು. 1997ರಲ್ಲಿ ಅಮೆರಿಕಕ್ಕೆ ಡಿವಿಡಿ ಬಂದ ಮೇಲೆ ಇನ್ನೊಂದು ಬದಲಾವಣೆ. ಕ್ಯಾಸೆಟ್‌ನಲ್ಲಿ ಲೋಗೋ ಬೇಡವಾದರೆ ಫಾರ್ವರ್ಡ್ ಒತ್ತಬಹುದಿತ್ತು. ಡಿವಿಡಿಯಲ್ಲಿ ರಿಮೋಟಿನ ಗುಂಡಿ ಕೆಲಸ ಮಾಡದಂತೆ ತಡೆಯುವ ಸೂಚನೆಯನ್ನು ಡಿಸ್ಕ್‌ನಲ್ಲೇ ಬರೆದಿಡುವ ವ್ಯವಸ್ಥೆ ಇದೆ. ಅದನ್ನು ಹಾಕಿದ್ದರೆ ಲೋಗೋ, ಎಚ್ಚರಿಕೆ ಎಲ್ಲವನ್ನೂ ನೋಡಿಯೇ ತೀರಬೇಕು.

ಹೀಗೆ ಯಂತ್ರ, ತಂತ್ರ ಎಲ್ಲ ಬದಲಾಯಿತು. ‘ಗಣಕ’ ಅಂದರೆ ಅರ್ಧ ಚರಿತ್ರೆ ಬಿಟ್ಟುಹೋಗುತ್ತದೆ. ಪದ ಹೇಳಬೇಕಾದದ್ದು ಇಷ್ಟೇ: ಈ ಗುರುತು ಕಣ್ಣೆದುರೇ ರೂಪುಗೊಳ್ಳುತ್ತದೆ, ಅದಕ್ಕೆ ಕೆಲವು ಸೆಕೆಂಡು ಬೇಕು.

ಬಡಗುತಿಟ್ಟಿನ ಪ್ರೇಕ್ಷಕ, ಶಿರಸಿ:

ಹಾಗಾದ್ರೆ ‘ಒಡ್ಡೋಲಗ’. ಯಕ್ಷಗಾನದಲ್ಲಿ ಬಣ್ಣದ ವೇಷ ಬರುವಾಗ ತೆರೆ ಹಿಡೀತಾರೆ. ಮೊದಲು ಕಿರೀಟದ ತುದಿ ಮಾತ್ರ ಕಾಣ್ತದೆ. ಆಮೇಲೆ ಸ್ವಲ್ಪ ಸ್ವಲ್ಪವೇ ವೇಷ ಕಂಡು, ಕೊನೆಗೆ ತೆರೆ ಸರಿದು ಪೂರ್ತಿ ಎದುರಿಗೆ ನಿಲ್ತದೆ. ನೀವು ಬರೆದ ಲೋಗೋ ಮಾಡೋದೂ ಅದನ್ನೇ ಅಲ್ವಾ? ಪದವೂ ಅಚ್ಚಗನ್ನಡ. ಒಡ್ಡು, ಓಲಗ. ಓಲಗ ಅಂದ್ರೆ ರಾಜಸಭೆ. ಪಂಪನ ಕಾಲದಿಂದ ಬಂದ ಮಾತು. ಇದನ್ನ ಬಿಟ್ಟು ಹೊಸದನ್ನ ಕಟ್ಟೋದು ಮನೆ ಬಾವಿ ಬಿಟ್ಟು ಊರ ಕೆರೆಗೆ ಹೋದ ಹಾಗೆ.

ಕರಾವಳಿಯ ಓದುಗಿ:

ಒಡ್ಡೋಲಗ ಪಾತ್ರದ್ದು, ಮೇಳದ್ದಲ್ಲ. ಧರ್ಮಸ್ಥಳ ಮೇಳ ಅಂತ ಗುರುತು ತೋರಿಸಲು ಯಾರೂ ಒಡ್ಡೋಲಗ ಕೊಡುವುದಿಲ್ಲ. ಲೋಗೋ ತೋರಿಸುವುದು ಮೇಳದ ಹೆಸರನ್ನು. ಪಾತ್ರ ಆಮೇಲೆ ಬರುತ್ತದೆ.

ಬಡಗುತಿಟ್ಟಿನ ಪ್ರೇಕ್ಷಕ:

ಪದದ ಅರ್ಥ ಹಿಗ್ಗಬಾರದು ಅಂತ ಎಲ್ಲಿ ಬರೆದಿದೆ?

ಕರಾವಳಿಯ ಓದುಗಿ:

ಹಿಗ್ಗಲಿ. ಆದರೆ ಆಟ ನೋಡಿದವರಿಗೆ ತಪ್ಪು ಅಂತ ಕೂಡಲೇ ಅನಿಸುವ ಪದ ಗೋಡೆ ಮೇಲೆ ಬೇಡ.

ನಿವೃತ್ತ ಮೇಷ್ಟ್ರು:

ಮೊದಲು ಹೇಳಿದ್ದನ್ನೇ ಹೇಳುತ್ತೇನೆ. 1935ರಲ್ಲಿ ಮೈಸೂರಿನಲ್ಲಿ ಗೋಪಾಲಸ್ವಾಮಿಯವರು ರೇಡಿಯೊ ಕೇಂದ್ರ ಕಟ್ಟಿದರು. ಅದರ ಹೆಸರು ‘ಆಕಾಶವಾಣಿ’. ಆ ಹೆಸರನ್ನೇ ಇಡೀ ದೇಶ ಎತ್ತಿಕೊಂಡಿತು. ಸಂಸ್ಕೃತ ಪದ ಜನಕ್ಕೆ ಭಾರ ಅನ್ನುವವರು ಅದಕ್ಕೆ ಉತ್ತರ ಕೊಡಲಿ.

ಎಲ್ಲರಕನ್ನಡದ ಓದುಗ:

ಉತ್ತರ ಸುಲಬ. ಮನೆಯಲ್ಲಿ ಜನ ‘ರೇಡಿಯೊ ಹಾಕು’ ಅಂದರು, ‘ಆಕಾಶವಾಣಿ ಹಾಕು’ ಅನ್ನಲಿಲ್ಲ. ಅದು ಸಂಸ್ತೆಯ ಹೆಸರಾಗಿ ಉಳಿಯಿತು, ವಸ್ತುವಿನ ಹೆಸರಾಗಲಿಲ್ಲ. ನಿಮ್ಮ ಚಲನಲಾಂಚನಕ್ಕೂ ಅದೇ ಗತಿ.

ಹಳೆ ವಿಡಿಯೊ ಲೈಬ್ರರಿ:

ಹಂಗಾದ್ರೆ ರೇಡಿಯೊ ಯಾವ ಕನ್ನಡ ಸ್ವಾಮಿ? ಮೇಜು, ಅಲಮಾರು, ಸಾಬೂನು, ರುಜು, ಮೊಹರು, ಕಚೇರಿ ಯಾವುದೂ ನಮ್ಮದಲ್ಲ. ಎಲ್ಲ ಒಗ್ಗಿಹೋಗಿವೆ. ಲೋಗೋನೂ ಒಗ್ಗಿದೆ. ನಮ್ಮ ಲೈಬ್ರರಿಗೆ ಬರುತ್ತಿದ್ದ ಹುಡುಗರು ‘ಆ ಲೋಗೋ ಬರೋ ಕ್ಯಾಸೆಟ್ ಕೊಡಿ, ಅದರ ಪ್ರಿಂಟ್ ಚೆನ್ನಾಗಿರುತ್ತೆ’ ಅಂತ ಕೇಳುತ್ತಿದ್ದರು. ಕಳ್ಳ ಪ್ರತಿಗಳಲ್ಲಿ ಶುರುವಿನ ಭಾಗ ಎಷ್ಟೋ ಸಲ ಕತ್ತರಿಸಿ ಹೋಗಿರುತ್ತಿತ್ತು. ಲೋಗೋ ಪೂರ್ತಿ ಬಂದರೆ ಅಸಲಿ ಅಂತ ಅವರ ಲೆಕ್ಕ. ಲಾಂಛನ ಅಂತ ಯಾರೂ ಕೇಳಲಿಲ್ಲ.

ಎಲ್ಲರಕನ್ನಡದ ಓದುಗ:

ಎರವಲು ಪದ ಬೇಡ ಅಂತ ನಾನು ಅನ್ನಲಿಲ್ಲ. ಕಟ್ಟುವ ಶಕ್ತಿ ಇದ್ದಾಗ ಎರವಲಿಗೆ ಕೈಚಾಚಬಾರದು ಅಂದೆ. ಮೇಜು ಬಂದಾಗ ಯಾರೂ ನಮ್ಮನ್ನು ಕೇಳಲಿಲ್ಲ. ಈಗ ಒಬ್ಬರು ಕೇಳುತ್ತಿದ್ದಾರೆ. ಕೇಳಿದಾಗಲೂ ಲೋಗೋ ಅಂತಲೇ ಹೇಳಿದರೆ ಈ ಪದಚರ್ಚೆ ಯಾತಕ್ಕೆ?

ಗ್ರಾಫಿಕ್ಸ್ ಕೆಲಸಗಾರ:

ಅಂದ ಹಾಗೆ ಲೋಗೋ ಅನ್ನೋದು ಇಂಗ್ಲಿಷಿನಾಗ ಲೋಗೋಟೈಪಿನ ತುಂಡು. ಎರಡು ಮೂರು ಅಕ್ಷರ ಸೇರಿಸಿ ಒಂದೇ ಮೊಳೆ ಎರಕ ಹೊಯ್ತಿದ್ರು, ಅಚ್ಚುಕೂಟದಾಗ. ಅದು ಅಚ್ಚಿನ ಪದ. ತೆರೆಗೆ ಅವರೂ ಹಂಗೇ ಎಳಕೊಂಡು ಬಂದಾರ.

ನಿವೃತ್ತ ಮೇಷ್ಟ್ರು:

ತಿಳಿದ ವಿಷಯ. ಅದರಿಂದ ಪದ ಹುಟ್ಟಲಿಲ್ಲ.

ಕರಾವಳಿಯ ಓದುಗಿ:

ಅನುವಾದಕಿಯವರೇ, ನೀವು ‘ಕಣ್ಣೆದುರೇ ರೂಪುಗೊಳ್ಳುತ್ತದೆ’ ಅಂತ ಬರೆದಿದ್ದೀರಿ. ಅದಕ್ಕೆ ಕನ್ನಡದಲ್ಲಿ ಒಂದೇ ಕ್ರಿಯಾಪದ ಇದೆ: ಮೂಡು. ಚಂದ್ರ ಮೂಡುತ್ತಾನೆ, ಚಿತ್ರ ಮೂಡುತ್ತದೆ. ಡಬ್ಬಿಯ ಮೇಲಿನ ಲೋಗೋ ಮೂಡುವುದಿಲ್ಲ, ಸುಮ್ನೆ ಇರುತ್ತದೆ. ‘ಮೂಡುವ ಲಾಂಛನ’ ಅಂದರೆ ಹೇಗೆ?

‘ಮೂಡುಗುರುತು’ ಮಾತ್ರ ಬೇಡ. ನಮ್ಮ ಕಡೆ ಮೂಡು ಅಂದರೆ ಪೂರ್ವ ದಿಕ್ಕು. ಮೂಡಬಿದಿರೆ ನೆನಪಾಗುತ್ತದೆ.

ನಿವೃತ್ತ ಮೇಷ್ಟ್ರು:

‘ಮೂಡುವ ಲಾಂಛನ’ ಗಮಕಸಮಾಸ. ಪೂರ್ವಪದ ಕೃದಂತ. ಗಮಕದಲ್ಲೂ ಕ್ರಿಯಾಸಮಾಸದಲ್ಲೂ ಅರಿ ದೋಷವಿಲ್ಲ. ವ್ಯಾಕರಣಕಾರ ಕೇಶಿರಾಜ ಬಿರುದಾವಳಿಗೂ ವಿನಾಯಿತಿ ಕೊಟ್ಟಿದ್ದಾನೆ. ಲಾಂಛನ ಬಿರುದಿನ ಜೊತೆಗಾರ. ಎರಡು ದಾರಿಯಲ್ಲೂ ಪಾಸು. ನನ್ನ ಪದಕ್ಕಿಂತ ಹಗುರವಾಗಿದೆ, ಒಪ್ಪುತ್ತೇನೆ.

ಆದರೆ ಒಂದು ಸಂದೇಹ. ಲಾಂಛನ ಅಂದರೆ ಸ್ಥಿರವಾದದ್ದು. ವರಾಹ ಎಂದರೆ ವರಾಹವೇ. ಈ ಕಂಪನಿಗಳು ಐದೈದು ವರ್ಷಕ್ಕೆ ಬದಲಿಸುತ್ತವೆ ಅಂತ ಕೇಳಿದ್ದೇನೆ.

ಫಲಕದ ಅನುವಾದಕಿ:

ಬದಲಿಸುತ್ತವೆ, ಮೇಷ್ಟ್ರೇ. ವಾರ್ನರ್ ಕಂಪನಿ 1972ರಲ್ಲಿ ವಿನ್ಯಾಸಕಾರ ಸಾಲ್ ಬಾಸ್ ಬರೆದ ಡಬ್ಲ್ಯು ಅಕ್ಷರವನ್ನು ತಂದಿತು. ಮೊದಮೊದಲ ವಾರ್ನರ್ ಕ್ಯಾಸೆಟ್‌ಗಳಲ್ಲಿ ಇರುವುದು ಅದೇ. 1984ರಲ್ಲಿ ಸಿನಿಮಾಗಳಲ್ಲಿ ಹಳೆಯ ಗುರಾಣಿ ಆಕಾರದ ಲೋಗೋ ವಾಪಸ್ ಬಂತು. ಕ್ಯಾಸೆಟ್‌ಗಳಿಗೂ ಮೋಡದ ಹಿನ್ನೆಲೆಯ ಗುರಾಣಿ ಬಂತು. ಹಾಗಾಗಿ ಕ್ಯಾಸೆಟ್ ಯಾವ ಕಾಲದ್ದು ಅಂತ ಸಂಗ್ರಹಕಾರರು ಲೋಗೋ ನೋಡಿಯೇ ಅಂದಾಜು ಮಾಡುತ್ತಾರೆ. ನಮ್ಮಲ್ಲೂ ರಾಜಮನೆತನ ಬದಲಾದಂತೆ ಲಾಂಛನ ಬದಲಾಗಿದೆ. ಶಾಸನ ಓದುವವರು ಅದರಿಂದಲೇ ಕಾಲ ಗುರುತಿಸುವುದುಂಟು. ಆ ಅರ್ಥ ನನ್ನ ಫಲಕಕ್ಕೆ ಚೆನ್ನಾಗಿಯೇ ಹೊಂದುತ್ತದೆ.

ತಲೆಬರಹ ‘ತೆರೆಯಲ್ಲಿ ಮೂಡುವ ಲಾಂಛನಗಳು’ ಅಂತ ಇಡುತ್ತೇನೆ. ಕೆಳಗಿನ ವಿವರಣೆಯಲ್ಲಿ ಉದ್ದಕ್ಕೂ ‘ಲೋಗೋ’ ಅಂತಲೇ ಬರೆಯುತ್ತೇನೆ. ದಾವಣಗೆರೆಯವರು ಹೇಳಿದ್ದು ನಿಜ, ನೋಡಲು ಬರುವ ಹುಡುಗರ ಬಾಯಲ್ಲಿ ಇರುವುದು ಅದೇ. ಮೂಲೆಯ ಗುರುತಿಗೆ ‘ತೆರೆಗುರುತು’. ಹಾಸನದವರ ಪದ ಒಂದು ಫಲಕದಲ್ಲಿ ಇದ್ದೇ ಇರುತ್ತದೆ.

ಎಲ್ಲರಕನ್ನಡದ ಓದುಗ:

ಬೇಡದ ಕಡೆ ನನ್ನ ಪದ, ಬೇಕಾದ ಕಡೆ ಸಂಸ್ಕ್ರುತ. ಕಡೇ ಪಕ್ಶ ‘ಲಾಂಚನ’ ಅಂತ ಬರೆಯಿರಿ.

ಫಲಕದ ಅನುವಾದಕಿ:

ಆಗುವುದಿಲ್ಲ. ಫಲಕ ಓದುವ ಮಕ್ಕಳ ಪಠ್ಯಪುಸ್ತಕದಲ್ಲಿ ‘ಛ’ ಇದೆ.

ಹಳೆ ವಿಡಿಯೊ ಲೈಬ್ರರಿ:

ಮೇಡಂ, ಕ್ಯಾಸೆಟ್ ಡಬ್ಬಿಗಳು ನನ್ನ ಹತ್ರ ಇನ್ನೂ ಒಂದಿಷ್ಟು ಇವೆ. ಪ್ರದರ್ಶನಕ್ಕೆ ಬೇಕಿದ್ದರೆ ಹೇಳಿ, ಬುಧವಾರದ ಬಸ್ಸಿಗೆ ಹಾಕ್ತೀನಿ.