ಸ್ಕಾಲರ್‌ನಾಗ ಎಚ್-ಇಂಡೆಕ್ಸ್ 14, ಸ್ಕೋಪಸ್‌ನಾಗ 5: ಫೈಲಿಗೆ ಯಾವುದು ಬರೀಲಿ?

ರಾತ್ರಿಪಾಳಿ_ಕಲಬುರಗಿ:
ನಮ್ಮ ಐಸಿಯು ಮುಖ್ಯಸ್ಥರ ಬಡ್ತಿ ಫೈಲಿಗೆ ಪ್ರಕಟಣೆಗಳ ಪಟ್ಟಿ ಮಾಡೋ ಕೆಲಸ ನನ್ನ ಕೊರಳಿಗೆ ಬಿದ್ದದ. ಗೂಗಲ್ ಸ್ಕಾಲರ್‌ನಾಗ ಎಚ್-ಇಂಡೆಕ್ಸ್ (ಪೇಪರ್‌ಗಳು ಎಷ್ಟು ಉಲ್ಲೇಖ ಆಗ್ಯಾವ ಅಂತ ತೋರಿಸೋ ಅಂಕಿ) 14 ಅಂತದ. ಸಂಶೋಧನಾ ಲೇಖನಗಳ ಇನ್ನೊಂದು ಡೇಟಾಬೇಸ್ ಸ್ಕೋಪಸ್‌ನಾಗ ಅವರ ಹೆಸರಿಗೆ ಎರಡು ಪ್ರೊಫೈಲ್ ಅವ, ಒಂದರಾಗ 5, ಇನ್ನೊಂದರಾಗ 3. ಸರ್ ಬರೆಯೋದು ಸೆಪ್ಸಿಸ್, ವೆಂಟಿಲೇಟರ್, ಹೆಚ್ಚಾಗಿ ಕೀಟನಾಶಕ ಕುಡಿದು ಬಂದ ರೋಗಿಗಳ ಬಗ್ಗೆ. ಅಡ್ಡಹೆಸರು ಪಾಟೀಲ.

ಬೀದರ್_ಲೈಬ್ರರಿ:
ಪಾಟೀಲ ಅಂದಮ್ಯಾಲ ಅರ್ಧ ಉತ್ತರ ಅಲ್ಲೇ ಬಂತು ನೋಡ್ರಿ. ನಮ್ಮ ಕಡಿ ಊರಿಗೊಂದು ಪಾಟೀಲರ ಓಣಿ, ಮಹಾರಾಷ್ಟ್ರ ಕೂಡಿಸಿದ್ರ ಲೆಕ್ಕಾನೇ ಇಲ್ಲ. ಬೇರೆ ಪಾಟೀಲರ ಪೇಪರ್ ಸೇರಿರಬಹುದು; ಸರ್ ಲಾಗಿನ್‌ನಿಂದ ಸ್ಕಾಲರ್ ಪ್ರೊಫೈಲ್ ತೆಗೆದು ಶೀರ್ಷಿಕೆ ಕ್ರಮದಾಗ ಜೋಡಿಸಿ ಪೂರ್ತಿ ಓದ್ರಿ. ಬರೇ ಮೊದಲ ಪುಟ ನೋಡಿ ಬಿಡಬ್ಯಾಡ್ರಿ. ಪ್ಲಸ್ ಗುರುತಿನೊಳಗ ಲೇಖನಗಳು ತಾವೇ ಸೇರಿಕೊಳ್ಳೋ ಆಯ್ಕೆ ಚಾಲೂ ಇದ್ರ, ಈಮೇಲ್‌ನಾಗ ಕೇಳಿ ಸೇರಿಸೋ ಹಂಗ ಬದಲಿಸ್ರಿ.

ಇನ್ನು ಸ್ಕೋಪಸ್. ಒಂದು ಪ್ರೊಫೈಲಿನ ವಿಳಾಸ ಗುಲ್ಬರ್ಗ, ಇನ್ನೊಂದರದ್ದು ಕಲಬುರಗಿ ಅದನೋ ಏನೋ, ನೋಡಿ ಹೇಳ್ರಿ.

ರಾತ್ರಿಪಾಳಿ_ಕಲಬುರಗಿ:
ಹೌದ್ರಿ! ಹಳೇ ಪೇಪರ್‌ಗಳೆಲ್ಲ ಗುಲ್ಬರ್ಗ, ಈಚಿನವು ಕಲಬುರಗಿ. ಸ್ಕಾಲರ್‌ನಾಗ ಸಿಕ್ಕದ್ದು ಕೇಳ್ರಿ: ತೊಗರಿ ಸೊರಗು ರೋಗದ ಮ್ಯಾಲ ನಾಲ್ಕು ಪೇಪರ್, ತೊಗರಿ ಕಾಯಿಕೊರಕಕ್ಕ ಯಾವ ಆರ್ಗನೋಫಾಸ್ಫೇಟ್ ಕೀಟನಾಶಕ ಎಷ್ಟು ಹೊಡೀಬೇಕು ಅನ್ನೋದೊಂದು. ಸರ್ ಅದೇ ಔಷಧ ಕುಡಿದವರಿಗೆ ಅಟ್ರೋಪಿನ್ ಕೊಡೋರು, ಹೊಲಕ್ಕ ಹೊಡಿಯೋರಲ್ಲ.

ಸುರಪುರ_ಸಂಖ್ಯಾಶಾಸ್ತ್ರ:
ತೊಗರಿ ಕಣಜದಾಗ ಇದ್ದು ತೊಗರಿ ಪೇಪರ್ ಇಲ್ಲದಿದ್ರ ಹೆಂಗ 😀 ಹೆಸರೂ ಒಂದೇ, ವಿಷಯದ ಶಬ್ದಾನೂ ಒಂದೇ, ಮಷೀನ್ ಮೋಸ ಹೋಗ್ತದ. ಅವನ್ನ ಟಿಕ್ ಮಾಡಿ ಅಳಿಸ್ರಿ. ಟ್ರ್ಯಾಶ್‌ಗೆ ಹೋಗ್ತಾವ, ತಪ್ಪಿ ಸರ್‌ದೇ ಒಂದು ಹೋದ್ರೂ ವಾಪಸ್ ತರಬಹುದು.

ಮರ್ಜ್ (ಕೂಡಿಸೋ) ಬಟನ್ ಮುಟ್ಟೋದಿದ್ರ ಎಚ್ಚರ. ಅದು ಒಂದೇ ಪೇಪರ್ ಎರಡು ಕಡಿ ಬಂದಾಗ ಮಾತ್ರ. 2021ರ ಸರ್ವೈವಿಂಗ್ ಸೆಪ್ಸಿಸ್ ಮಾರ್ಗಸೂಚಿ ಕ್ರಿಟಿಕಲ್ ಕೇರ್ ಮೆಡಿಸಿನ್, ಇಂಟೆನ್ಸಿವ್ ಕೇರ್ ಮೆಡಿಸಿನ್ ಎರಡೂ ಪತ್ರಿಕೆಯಾಗ ಬಂದದ, ಅಂಥದ್ದಕ್ಕ ಸರಿ. ಬೇರೆ ಬೇರೆ ಪೇಪರ್ ಕೂಡಿಸಿ ಉಲ್ಲೇಖ ಬೆಳಸೋದು ತನಿಖೆಗೆ ಕರೆದಂಗ.

ರಾತ್ರಿಪಾಳಿ_ಕಲಬುರಗಿ:
ಅಳಿಸಿದೆ. 14 ಇದ್ದದ್ದು 9 ಆಯ್ತು. ಸರ್ ಮುಖ ನೋಡಬೇಕಿತ್ತು. ಒಂದು ದೊಡ್ಡ ಪೇಪರ್ ಬಂದ್ರ ಮತ್ತ 14 ಆಗ್ತದ ಅಂತಾರ. ಸ್ಕೋಪಸ್‌ದು 5ಕ್ಕ 3 ಕೂಡಿಸಿ 8 ಬರೀಲೇನು?

ಸುರಪುರ_ಸಂಖ್ಯಾಶಾಸ್ತ್ರ:
ಎರಡೂ ಆಗೂದಿಲ್ಲ. 2005ರಾಗ ಹಿರ್ಶ್ ಅನ್ನೋ ಭೌತವಿಜ್ಞಾನಿ ಇಟ್ಟ ಲೆಕ್ಕ ಇದು: ಕನಿಷ್ಠ 9 ಸಲ ಉಲ್ಲೇಖ ಆದ ಪೇಪರ್ 9 ಇದ್ರ ಎಚ್ 9. ಒಂದೇ ಪೇಪರ್ ಸಾವಿರ ಸಲ ಉಲ್ಲೇಖ ಆದ್ರೂ ಎಚ್ ಏರೋದು ಹೆಚ್ಚಂದ್ರ ಒಂದು. ಸ್ಕೋಪಸ್ ಪ್ರೊಫೈಲ್ ಎರಡೂ ಕೂಡಿದಮ್ಯಾಲ ಪೇಪರ್‌ಗಳನ್ನ ಮತ್ತ ಸಾಲಾಗಿ ಇಟ್ಟು ಎಣಿಸಬೇಕು; 5ರಿಂದ 8ರೊಳಗ ಎಷ್ಟಾದ್ರೂ ಬರಬಹುದು.

ಮತ್ತ ಸರ್‌ಗೆ ಹೇಳ್ರಿ, ಐಸಿಯು ವಿಷಯದಾಗ ಉಲ್ಲೇಖ ಭಾಳ ಓರೆಯಾಗಿ ಹಂಚಿರ್ತದ, ಕೆಲವೇ ಪೇಪರಿಗೆ ರಾಶಿ, ಉಳಿದವಕ್ಕ ಕಡಿಮಿ. ರೋಗಿಯ ಸ್ಥಿತಿ ಎಷ್ಟು ಗಂಭೀರ ಅಂತ ಅಳೆಯೋ 1985ರ ಅಪಾಚೆ-2, 1996ರ ಸೋಫಾ ಸ್ಕೋರ್ ಬಳಸಿದವರೆಲ್ಲ ವಿಧಾನದ ಭಾಗದಾಗ ಆ ಮೂಲ ಲೇಖನ ಹೆಸರಿಸ್ತಾರ. ನಮ್ಮ ಜಿಲ್ಲೆಯ ವಿಷಪ್ರಾಶನದ ಕೇಸುಗಳ ಅಧ್ಯಯನ ಅದರ ಜೋಡಿ ತೂಗಿದ್ರ ಏನು ಸಿಗ್ತದ? ನನ್ನ ಕೇಳಿದ್ರ ಇಲ್ಲಿನ ಕೆಲಸಕ್ಕ ಅದೇ ಹೆಚ್ಚು.

ಬೀದರ್_ಲೈಬ್ರರಿ:
ಊರಿನ ಹೆಸರು ಅಧಿಕೃತವಾಗಿ ಬದಲಾದದ್ದು 2014ರ ನವೆಂಬರ್ 1ಕ್ಕ. ಅದರ ಆಚೆ-ಈಚೆ ಬರೆದವರ ಪ್ರೊಫೈಲ್ ಹಿಂಗ ಒಡೆದದ್ದು ನಾ ಭಾಳ ನೋಡೀನಿ. ಸ್ಕೋಪಸ್‌ನ ಆಥರ್ ಫೀಡ್‌ಬ್ಯಾಕ್ ವಿಝಾರ್ಡ್‌ನಾಗ ಎರಡನ್ನೂ ಆರಿಸಿ ಕೂಡಿಸಲು ಕೋರಿಕೆ ಕಳಸ್ರಿ, ರೊಕ್ಕ ಬೇಕಿಲ್ಲ. ಆಮ್ಯಾಲ ಸರ್ ಹೆಸರಿಗೆ ಆರ್ಕಿಡ್ (ORCID, ಸಂಶೋಧಕರ ಗುರುತಿನ ಸಂಖ್ಯೆ) ಮಾಡಿಸಿ, 16 ಅಂಕಿಯ ಆ ಗುರುತನ್ನ ಮುಂದಿನ ಪ್ರತಿ ಪೇಪರಿಗೂ ಹಾಕ್ರಿ.

ಫೈಲಿಗೆ ಸ್ಕೋಪಸ್‌ದೇ ಬರೀರಿ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2022ರ ನಿಯಮದಾಗ ಪ್ರಕಟಣೆ ಲೆಕ್ಕಕ್ಕ ಹಿಡಿಯೋ ಡೇಟಾಬೇಸ್‌ಗಳ ಪಟ್ಟಿಯಾಗ ಸ್ಕೋಪಸ್, ಮೆಡ್‌ಲೈನ್, ಪಬ್‌ಮೆಡ್ ಸೆಂಟ್ರಲ್ ಇದ್ವು, ಸ್ಕಾಲರ್ ಇರಲಿಲ್ಲ. ಸ್ಕಾಲರ್ ಪ್ರಬಂಧ, ಪ್ರಿಪ್ರಿಂಟ್, ಸಮ್ಮೇಳನದ ಹಾಳಿ ಎಲ್ಲಾನೂ ಎಣಿಸ್ತದ, ಹಂಗಾಗಿ ಅದರ ಅಂಕಿ ಸಾಮಾನ್ಯವಾಗಿ ಮ್ಯಾಲ. ನೋಡಿದ ತಾರೀಖು ಪಕ್ಕದಾಗ ಬರೆಯೋದು ಮರೀಬ್ಯಾಡ್ರಿ.

ರಾತ್ರಿಪಾಳಿ_ಕಲಬುರಗಿ:
ಕೋರಿಕೆ ಕಳಿಸೀನಿ. ಕೂಡಿದಮ್ಯಾಲ ಎಷ್ಟು ಬಂತು ಅಂತ ಇಲ್ಲೇ ಹಾಕ್ತೀನಿ. ಆ ತೊಗರಿ ಪಾಟೀಲರು ಯಾರರೆ ಇಲ್ಲಿದ್ರ, ನಿಮ್ಮ ಪ್ರೊಫೈಲ್‌ನಾಗ ನಮ್ಮ ಸರ್ ವೆಂಟಿಲೇಟರ್ ಪೇಪರ್ ಕುಂತದನೋ ನೋಡಿಕೊಳ್ರಿ.