ಮೊದಲು ಯಾವ ಭಾಷೆ ಕಲೀಲಿ? ಸಿ, ಜಾವಾ, ಪೈಥಾನ್ ಅಂತ ಕೇಳಿ ಕೇಳಿ ತಲೆ ಕೆಟ್ಟಿದೆ

ತಿಪಟೂರಿನವ:
ಎಲ್ರಿಗೂ ನಮಸ್ಕಾರ. ಬಿ.ಕಾಂ. ಮುಗಿಸಿ ತಿಪಟೂರಿನ ಒಂದು ಕೊಬ್ಬರಿ ಮಂಡಿಯಲ್ಲಿ ಎರಡು ವರ್ಷದಿಂದ ಲೆಕ್ಕ ಬರೀತಿದೀನಿ. ಪ್ರೋಗ್ರಾಮಿಂಗ್ ಕಲೀಬೇಕು ಅಂತ ಆಸೆ. ಜಾವಾ ಕಲಿ, ಬೆಂಗಳೂರಲ್ಲಿ ಕೆಲಸ ಸಿಗುತ್ತೆ ಅಂತಾರೆ ಭಾವ. ಪಕ್ಕದ ಮನೆ ಇಂಜಿನಿಯರಿಂಗ್ ಹುಡುಗ ಸಿ ಬರದೆ ಏನೂ ಬರಲ್ಲ ಅಂತಾನೆ. ಯೂಟ್ಯೂಬ್ ತುಂಬಾ ಪೈಥಾನ್. ಇರೋದು ಹಳೇ ಲ್ಯಾಪ್‌ಟಾಪ್, 4 ಜಿಬಿ ರ್‍ಯಾಮ್. ಹತ್ತನೇ ಕ್ಲಾಸ್‌ವರೆಗೂ ಕನ್ನಡ ಮೀಡಿಯಂ. ಯಾವುದರಿಂದ ಶುರು ಮಾಡ್ಲಿ?

ಪಾಯಿಂಟರ್ ಪ್ರೇಮಿ:
ಕಣ್ಮುಚ್ಕೊಂಡು ಸಿ. 1970ರ ದಶಕದ ಭಾಷೆ, ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳು (ಕರ್ನಲ್) ಇವತ್ತಿಗೂ ಬಹುಪಾಲು ಅದರಲ್ಲೇ ಇದೆ. ನಾವೆಲ್ಲ ಇಳಿಸಿಕೊಳ್ಳೋ ಪೈಥಾನ್ ಕೂಡ ಸಿಯಲ್ಲೇ ಬರೆದಿದ್ದು. ತಳಪಾಯ ಬಿಟ್ಟು ಮಹಡಿ ಕಟ್ತೀರಾ?

ಹಳೇ ಲ್ಯಾಬ್ ಮೇಷ್ಟ್ರು:
ಪಾಯಿಂಟರ್ ಅವರು ಹೇಳಿದ್ದು ಸುಳ್ಳಲ್ಲ. ಆದ್ರೆ ನಾನು ಡಿಪ್ಲೊಮಾ ಕಾಲೇಜೊಂದರ ಲ್ಯಾಬಲ್ಲಿ ಹನ್ನೊಂದು ವರ್ಷ ಸಿ ಹೇಳಿಕೊಟ್ಟವನು. ಸಿ ಬರೆಯೋಕೆ ಬಳಸ್ತಿದ್ದ ಟರ್ಬೊ ಸಿ ಸಾಫ್ಟ್‌ವೇರಿನ ಆ ನೀಲಿ ಪರದೆ ಇನ್ನೂ ಕಣ್ಣಲ್ಲಿದೆ. ಟೈಪ್ ಮಾಡಿದ್ದನ್ನ ಓದಿಕೊಳ್ಳೋ ಸ್ಕ್ಯಾನ್‌ಎಫ್‌ನಲ್ಲಿ ಒಂದು & ಬಿಟ್ಟುಹೋದ್ರೂ ತಪ್ಪು ತೋರಿಸದೇ ಕಂಪೈಲ್ ಆಗಿಬಿಡ್ತಿತ್ತು. ಓಡಿಸಿದ್ರೆ ಕಸ. ಹುಡುಗರು “ಸಾರ್, ಇದು ನನ್ನ ತಲೆಗೆ ಹತ್ತಲ್ಲ” ಅಂತ ಕೈಚೆಲ್ಲೋರು, ಅದರಲ್ಲೂ ಕನ್ನಡ ಮೀಡಿಯಂನಿಂದ ಬಂದೋರು. ಹೋಗಿದ್ದು ಒಂದು ಚಿಹ್ನೆ ಅಷ್ಟೆ!

ನಿಮ್ಮ ಕೈಲಿ ಆಗ್ಲೇ ಒಂದು ಲೆಕ್ಕ ಇದೆ ಮಾರಾಯ್ರೇ. ಚೀಲ, ತೂಕ, ದರ, ಹಮಾಲಿ. ಅದನ್ನೇ ಪೈಥಾನ್‌ನಲ್ಲಿ ಮಾಡಿ. 4 ಜಿಬಿ ಧಾರಾಳ ಆಯ್ತು, ಕೋಡ್ ಬರೆದು ಓಡಿಸೋಕೆ ಪೈಥಾನ್ ಜೊತೆಗೇ ಬರೋ ಐಡಲ್ ಸಾಕು. ಪೈಥಾನ್ 3ರಲ್ಲಿ ವೇರಿಯಬಲ್ (ಸಂಖ್ಯೆ ತುಂಬಿಡೋ ಡಬ್ಬಿ ಅನ್ಕೊಳ್ಳಿ) ಹೆಸರನ್ನ ಕನ್ನಡದಲ್ಲೇ ಇಡಬಹುದು (ತೂಕ ಕ್ವಿಂಟಲ್‌ನಲ್ಲಿ, ದರ ಸುಮ್ನೆ ಹಾಕಿದ್ದು):

ತೂಕ = 2.5
ದರ = 15000
ಮೊತ್ತ = ತೂಕ * ದರ

ಇದು ಹೀಗೇ ಓಡುತ್ತೆ. ಕಂಪನಿಗಳಲ್ಲಿ ಯಾರೂ ಹೀಗೆ ಬರೆಯಲ್ಲ, ಆದ್ರೆ ಮೊದಲ ವಾರ ಇಂಗ್ಲಿಷ್ ಜೊತೆ ಗುದ್ದಾಡೋದು ತಪ್ಪುತ್ತೆ. ಭಾವನ ಜಾವಾ ಆರು ತಿಂಗಳು ಕಾಯ್ಲಿ.

ತಿಪಟೂರಿನವ:
ಸಾರ್, ಎರಡು ಚೀಲದ ತೂಕ ಕೇಳಿ ಕೂಡಿಸೋ ಪ್ರೋಗ್ರಾಂ ಬರೆದೆ. 40, 35 ಕೊಟ್ರೆ 4035 ಅಂತು!! ರೈತರು ನೋಡಿದ್ರೆ ಕುಣೀತಿದ್ರು.

ಹಳೇ ಲ್ಯಾಬ್ ಮೇಷ್ಟ್ರು:
ಹಹ್ಹಾ, ಎಲ್ಲರೂ ಎಡವೋ ಜಾಗ. ಇನ್‌ಪುಟ್ ಏನು ತಂದುಕೊಟ್ರೂ ಅದು ಅಕ್ಷರ, ಸಂಖ್ಯೆ ಅಲ್ಲ. ಅದಕ್ಕೇ ಪಕ್ಕಪಕ್ಕ ಅಂಟಿಸಿಬಿಡ್ತು. ಇನ್‌ಪುಟ್‌ನ ಫ್ಲೋಟ್ (ಅಕ್ಷರನ ದಶಮಾಂಶ ಸಂಖ್ಯೆ ಮಾಡೋದು) ಒಳಗೆ ಹಾಕಿ, 75.0 ಬರುತ್ತೆ. ಆಮೇಲೆ ಪ್ರೋಗ್ರಾಂ ತೂಕ ಕೇಳಿದಾಗ ಕನ್ನಡ ಅಂಕಿಯಲ್ಲೇ ೪೦.೫ ಅಂತ ಟೈಪ್ ಮಾಡಿ ನೋಡಿ. ಕೋಡ್ ಸಾಲಿನಲ್ಲಿ ನೇರವಾಗಿ ಹಾಗೆ ಬರೆದ್ರೆ ಮಾತ್ರ ಒಪ್ಪಲ್ಲ.

ಪಾಯಿಂಟರ್ ಪ್ರೇಮಿ:
ಇದು ನಂಗೂ ಗೊತ್ತಿರ್ಲಿಲ್ಲ. ಆದ್ರೂ ಮುಂದಿನ ವರ್ಷ ಸಿ ಕಲೀಲೇಬೇಕು, ಹೇಳಿದೀನಿ.

ತಿಪಟೂರಿನವ:
ತಗೊಳ್ತು ಸಾರ್! ನಮ್ಮ ಸಾಹುಕಾರ್ರು ಚೀಟಿಯಲ್ಲಿ ಬರೆಯೋದೇ ಕನ್ನಡ ಅಂಕಿ. ಈಗ ಐವತ್ತು ಚೀಲ ಇದ್ರೆ ಐವತ್ತು ಸಾಲು ಬರೀಬೇಕಾ?

ಹಳೇ ಲ್ಯಾಬ್ ಮೇಷ್ಟ್ರು:
ಬೇಡ. ಒಂದೇ ಕೆಲಸನ ಮತ್ತೆ ಮತ್ತೆ ಮಾಡಿಸೋ ಫಾರ್ ಲೂಪ್ ಅಂತ ಹುಡುಕಿ, ಎರಡೇ ಸಾಲು. ಸಿಕ್ಕಿಹಾಕ್ಕೊಂಡ್ರೆ ಕೋಡ್ ಇಲ್ಲೇ ಹಾಕಿ, ನಾಳೆ ಸಂಜೆ ನೋಡ್ತೀನಿ.